ಕಣ್ಣು ಬೇಡದ ಪಲ್ಸ್ ಆಕ್ಸಿಮೀಟರ್: ಕಟ್ಟಿದ್ದು ಹೀಗೆ

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಗೊತ್ತಲ್ವಾ? ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ, ನಾಡಿ ಎಷ್ಟು ಬಡಿಯುತ್ತಿದೆ ಅಂತ ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಕಣ್ಣು ಕಾಣದವರಿಗೆ ಆ ಪರದೆಯಿಂದ ಏನೂ ಸಿಗುವುದಿಲ್ಲ. ಇದು ಹೊರಗಿನ ತೊಂದರೆ. ಒಳಗೆ ಇನ್ನೊಂದಿದೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಇದು ಆಕ್ಸಿಜನ್ ಅನ್ನು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವ ಜಾಸ್ತಿ. 2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಇದರ ಲೆಕ್ಕ ಕೊಟ್ಟರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ, ಅಪಧಮನಿಯ ರಕ್ತ ತೆಗೆದು ನೋಡಿದರೆ ನಿಜವಾದ ಮಟ್ಟ 88ಕ್ಕಿಂತ ಕೆಳಗೆ ಇದ್ದದ್ದು ಎಷ್ಟು ಸಲ? ಬಿಳಿಯ ರೋಗಿಗಳ ಅಳತೆಗಳಲ್ಲಿ 3.6%. ಕಪ್ಪು ಜನಾಂಗದ ರೋಗಿಗಳ ಅಳತೆಗಳಲ್ಲಿ 11.7%.

ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಈ ಎರಡು ತೊಂದರೆಗಳನ್ನು ಬೇರೆ ಬೇರೆ ಅಂತ ನೋಡಬಾರದು ಅನ್ನಿಸಿ ಈ ಕೆಲಸ ಹಿಡಿದೆ. ತಪ್ಪು ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ಯಾರಿಗೂ ಬೇಡ. ಆದ್ದರಿಂದ ಮಾತಾಡುವ ಆಕ್ಸಿಮೀಟರ್ ಕಟ್ಟುವಾಗ, ತನ್ನ ಅಳತೆಯನ್ನು ಎಷ್ಟು ನಂಬಬಹುದು ಅನ್ನುವುದನ್ನೂ ಅದು ತಿಳಿಸಬೇಕು ಅಂತ ಮೊದಲೇ ತೀರ್ಮಾನ ಮಾಡಿದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ಕಲಿಯಲು ಕಟ್ಟಿದ್ದು. ಇದರ ಸಂಖ್ಯೆ ನಂಬಿ ಯಾರೂ ಚಿಕಿತ್ಸೆಯ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳಬಾರದು. ಆನ್ ಮಾಡಿದ ತಕ್ಷಣ ಇದೇ ಮಾತನ್ನು ಸಾಧನವೂ ಹೇಳುತ್ತದೆ.

ಸಾಮಾನು

ಸೆನ್ಸರ್ ಮ್ಯಾಕ್ಸ್30102. ಕಂಟ್ರೋಲರ್ ಇಎಸ್‌ಪಿ32. ಮಾತಿಗೆ ಡಿಎಫ್‌ಪ್ಲೇಯರ್ ಮಿನಿ, ಅದಕ್ಕೊಂದು ಮೆಮೊರಿ ಕಾರ್ಡ್ ಮತ್ತು ಪುಟ್ಟ ಸ್ಪೀಕರ್. ಮಿಡಿತಕ್ಕೆ ವೈಬ್ರೇಷನ್ ಮೋಟರ್. ದೊಡ್ಡದೊಂದು ಬಟನ್. ದಾಖಲೆ ಬರೆಯಲು ಇನ್ನೊಂದು ಕಾರ್ಡ್ ಮಾಡ್ಯೂಲ್. ಅಷ್ಟೇ.

ಮ್ಯಾಕ್ಸ್30102 ಒಳಗೆ ಎರಡು ಎಲ್‌ಇಡಿ ಇವೆ. ಒಂದು ಕೆಂಪು, 660 ನ್ಯಾನೊಮೀಟರ್. ಇನ್ನೊಂದು ಇನ್‌ಫ್ರಾರೆಡ್, 880 ನ್ಯಾನೊಮೀಟರ್. ಪಕ್ಕದಲ್ಲೇ ಬೆಳಕು ಅಳೆಯುವ ಡಯೋಡ್. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ ಅನ್ನು ಹೆಚ್ಚು ಹೀರುತ್ತದೆ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಇದಕ್ಕೆ ಉಲ್ಟಾ. ಚರ್ಮ, ಮೂಳೆ, ರಕ್ತನಾಳದ ಗೋಡೆ ಎಲ್ಲವೂ ಬೆಳಕು ಹೀರುತ್ತವೆ ನಿಜ, ಆದರೆ ಬಡಿತಕ್ಕೆ ತಕ್ಕಂತೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಆ ಏರಿಳಿತವನ್ನಷ್ಟೇ ಬೇರ್ಪಡಿಸಿ ಲೆಕ್ಕ ಹಾಕಬಹುದು ಅಂತ 1970ರ ದಶಕದ ಮೊದಲಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ. ಇವತ್ತಿನ ಎಲ್ಲ ಆಕ್ಸಿಮೀಟರ್‌ಗಳೂ ಅದೇ ಉಪಾಯದ ಮೇಲೆ ನಿಂತಿವೆ.

ಸೆನ್ಸರ್ ಸಿಗುತ್ತಿಲ್ಲ ಅಂದಾಗ

ವೈರ್ ಜೋಡಿಸಿ ಐ2ಸಿ (ಚಿಪ್‌ಗಳು ಎರಡು ವೈರ್‌ಗಳಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆ) ಸ್ಕ್ಯಾನ್ ಓಡಿಸಿದರೆ ಸೆನ್ಸರ್ ಹೆಕ್ಸ್ 57 ಅನ್ನುವ ವಿಳಾಸದಲ್ಲಿ ಕಾಣಬೇಕು (ಹೆಕ್ಸ್ ಅಂದರೆ ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆ). ನನ್ನ ಬೋರ್ಡ್ ಕಾಣಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದೆ. ಎಸ್‌ಡಿಎ, ಎಸ್‌ಸಿಎಲ್ ಅನ್ನುವ ಆ ಎರಡೂ ವೈರ್‌ಗಳು ಸುಮ್ಮನಿದ್ದಾಗ 1.8 ವೋಲ್ಟ್‌ನಲ್ಲಿವೆ. ಅಲ್ಲಿಗೆ ಕಾರಣ ಗೊತ್ತಾಯಿತು. ಕೆಲವು ಅಗ್ಗದ ಬೋರ್ಡ್‌ಗಳಲ್ಲಿ, ಸುಮ್ಮನಿದ್ದಾಗ ಈ ವೈರ್‌ಗಳನ್ನು 'ಹೈ' ಮಟ್ಟಕ್ಕೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್‌ಗಳನ್ನು 3.3 ವೋಲ್ಟ್‌ಗೆ ಕೊಡದೆ, ಚಿಪ್‌ನ ಒಳಗಿನ 1.8 ವೋಲ್ಟ್ ಪೂರೈಕೆಗೆ ಕೊಟ್ಟಿರುತ್ತಾರೆ. ಇಎಸ್‌ಪಿ32 ಒಂದು ಪಿನ್ ಅನ್ನು 'ಹೈ' ಅಂತ ಒಪ್ಪಲು ಸುಮಾರು 2.5 ವೋಲ್ಟ್ ಬೇಕು. 1.8 ಸಾಲುವುದಿಲ್ಲ.

ಪರಿಹಾರ ಸುಲಭ. ಬೋರ್ಡ್‌ನ ಹಿಂದೆ 1.8, 3.3 ಆರಿಸುವ ಸೋಲ್ಡರ್ ಜಂಪರ್ ಇದ್ದರೆ ಅದನ್ನು 3.3ಕ್ಕೆ ಬದಲಿಸಿ. ಇಲ್ಲದಿದ್ದರೆ ಆ ಪುಲ್-ಅಪ್ ರೆಸಿಸ್ಟರ್‌ಗಳನ್ನು ಬಿಸಿ ಮಾಡಿ ತೆಗೆದು, ಹೊರಗಿನಿಂದ 4.7 ಕಿಲೊಓಮ್ ಎರಡನ್ನು 3.3 ವೋಲ್ಟ್‌ಗೆ ಹಾಕಿ. ಚಿಪ್‌ನ ಐ2ಸಿ ಪಿನ್‌ಗಳು 3.3 ವೋಲ್ಟ್ ಆರಾಮಾಗಿ ತಡೆಯುತ್ತವೆ, ಹೆದರಬೇಡಿ. ಇದಾದ ಮೇಲೆ ಸ್ಕ್ಯಾನ್‌ನಲ್ಲಿ 57 ಬಂತು. ಮುಂದೆ ಹೋಗುವ ಮುನ್ನ ಎಲ್‌ಇಡಿಗಳನ್ನು ಒಂದೊಂದಾಗಿ ಹಚ್ಚಿ, ಕೆಂಪು ಅಂದಾಗ ಕೆಂಪೇ ಹತ್ತುತ್ತದಾ ಅಂತ ನೋಡಿಕೊಳ್ಳಿ. ಅದಲು ಬದಲಾಗಿದ್ದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಬೆರಳು ಕೂರುವ ಜಾಗಕ್ಕೆ ತ್ರೀಡಿ ಪ್ರಿಂಟ್ ಮಾಡಿದ ಕ್ಲಿಪ್, ಒಳಗೆ ಕಪ್ಪು ಫೋಮ್. ಹೊರಗಿನ ಬೆಳಕು ನುಗ್ಗಬಾರದು. ಬೆರಳ ತುದಿ ಎಲ್ಲಿಗೆ ತಾಗಬೇಕು ಅಂತ ತಿಳಿಯಲು ಅಡ್ಡವಾಗಿ ಒಂದು ಉಬ್ಬು ಗೆರೆ ಇಟ್ಟೆ. ಕಣ್ಣು ಕಂಡರೂ ಕಾಣದಿದ್ದರೂ ಆ ಗೆರೆ ಎಲ್ಲರಿಗೂ ದಾರಿ ತೋರಿಸುತ್ತದೆ. ಸ್ಪ್ರಿಂಗ್ ಸಡಿಲವಾಗಿರಬೇಕು. ಬೆರಳನ್ನು ಬಿಗಿಯಾಗಿ ಒತ್ತಿದರೆ ರಕ್ತವೇ ಆಚೆ ಸರಿದು ಬಡಿತದ ಅಲೆ ಚಿಕ್ಕದಾಗಿಬಿಡುತ್ತದೆ.

ಎಲ್ಲರಿಗೂ ಒಂದೇ ಬೆಳಕು ಯಾಕೆ?

ಈ ಸೆನ್ಸರ್‌ಗೆ ಬಹಳ ಜನ ಬಳಸುವುದು ಸ್ಪಾರ್ಕ್‌ಫನ್ ಲೈಬ್ರರಿ. ಅದರಲ್ಲಿ ಎಲ್‌ಇಡಿಯ ಡೀಫಾಲ್ಟ್ ಬೆಲೆ ಹೆಕ್ಸ್ 1ಎಫ್, ಅಂದರೆ ಸುಮಾರು 6 ಮಿಲಿಆಂಪ್. ಶುರು ಮಾಡಲು ಅದು ಸರಿ. ಆದರೆ ಅದನ್ನೇ ಬಿಟ್ಟುಬಿಟ್ಟರೆ ಬಿಳಿ ಬೆರಳಿಗೂ ಕಪ್ಪು ಬೆರಳಿಗೂ, ತೆಳು ಚರ್ಮಕ್ಕೂ ಕೆಲಸ ಮಾಡಿ ದಪ್ಪಗಟ್ಟಿದ ಚರ್ಮಕ್ಕೂ ಒಂದೇ ಬೆಳಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇನ್‌ಫ್ರಾರೆಡ್‌ಗಿಂತ ಕೆಂಪನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಕಪ್ಪು ಬೆರಳಿನಿಂದ ವಾಪಸ್ ಬರುವ ಕೆಂಪು ಬೆಳಕು ಕಡಿಮೆ. ಏರಿಳಿಯುವ ಭಾಗ ಮೊದಲೇ ಪುಟ್ಟದು. ಬೆಳಕು ಕಡಿಮೆಯಾದಷ್ಟೂ ಅದು ಬೇಡದ ಏರಿಳಿತಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ಕೋಡ್‌ನಲ್ಲಿ ಸುಮ್ನೆ ಬಿಟ್ಟ ಒಂದು ಡೀಫಾಲ್ಟ್, ಯಾರ ಅಳತೆ ಚೆನ್ನಾಗಿ ಬರಬೇಕು ಅನ್ನುವುದನ್ನೂ ತೀರ್ಮಾನಿಸಿಬಿಡುತ್ತದೆ.

ಆದ್ದರಿಂದ ಬೆರಳಿಟ್ಟ ಕೂಡಲೇ ಪ್ರೋಗ್ರಾಂ ಎರಡೂ ಎಲ್‌ಇಡಿಗಳ ಕರೆಂಟ್ ಅನ್ನು ಬೇರೆ ಬೇರೆಯಾಗಿ ಹೊಂದಿಸುತ್ತದೆ. ಬೆಳಕಿನ ಮಟ್ಟವನ್ನು ಸಂಖ್ಯೆಯಾಗಿ ಬದಲಿಸುವ ಎಡಿಸಿ 18 ಬಿಟ್‌ನದು, ಗರಿಷ್ಠ 2,62,143. ಎರಡೂ ಬಣ್ಣಗಳ ಸರಾಸರಿ ಮಟ್ಟ ಇದರ ಅರ್ಧದ ಆಸುಪಾಸಿಗೆ ಬರುವವರೆಗೆ 0.2 ಮಿಲಿಆಂಪ್‌ನ ಹೆಜ್ಜೆಗಳಲ್ಲಿ ಏರಿಸುತ್ತದೆ ಅಥವಾ ಇಳಿಸುತ್ತದೆ. ಬಂದ ಮೇಲೆ ಅಲ್ಲೇ ಬೀಗ. ಅಳತೆಯ ನಡುವೆ ಕರೆಂಟ್ ಬದಲಾಯಿಸಿದರೆ ಮಟ್ಟ ಒಮ್ಮೆಲೇ ಜಿಗಿದು ಲೆಕ್ಕ ಕೆಡುತ್ತದೆ. ಬೀಗ ಹಾಕಿದ ಮೇಲೂ ಮೊದಲ ಕೆಲವು ಸ್ಯಾಂಪಲ್‌ಗಳನ್ನು ಬಿಸಾಡಬೇಕು. ಫಿಲ್ಟರ್ ಇನ್ನೂ ನೆಲೆ ನಿಂತಿರುವುದಿಲ್ಲ.

ಮುಂದಿನ ಲೆಕ್ಕ ಗೊತ್ತಿರುವುದೇ. ಸೆಕೆಂಡಿಗೆ 400 ಸ್ಯಾಂಪಲ್, ನಾಲ್ಕರ ಸರಾಸರಿ, ಕೈಗೆ ಬರುವುದು 100. ನಿಧಾನವಾಗಿ ಬದಲಾಗುವ ಭಾಗ ಡಿಸಿ. 0.5ರಿಂದ 4 ಹರ್ಟ್ಜ್ ನಡುವಿನದು ಎಸಿ. ಕೆಂಪಿನ ಎಸಿಯನ್ನು ಡಿಸಿಯಿಂದ ಭಾಗಿಸಿ, ಇನ್‌ಫ್ರಾರೆಡ್‌ನದ್ದನ್ನೂ ಹಾಗೇ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದು ಆರ್. ಈ ಆರ್ ಕಡಿಮೆ ಇದ್ದಷ್ಟೂ ಆಕ್ಸಿಜನ್ ಜಾಸ್ತಿ.

ಮಾತು

ಡಿಎಫ್‌ಪ್ಲೇಯರ್‌ಗೆ 9600 ಬಾಡ್‌ನಲ್ಲಿ ಆಜ್ಞೆ ಕೊಟ್ಟರೆ ಕಾರ್ಡ್‌ನಲ್ಲಿರುವ ಎಂಪಿ3 ನುಡಿಸುತ್ತದೆ. ಅದರ ಆರ್‌ಎಕ್ಸ್ ಪಿನ್‌ಗೆ 1 ಕಿಲೊಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು. ಫೋಲ್ಡರ್ ಕ್ರಮದಲ್ಲಿ ಹೆಸರಿನ ಸಂಖ್ಯೆ ಕೊಟ್ಟು ನುಡಿಸುವುದೇ ವಾಸಿ. ಬರೀ ಕ್ರಮಸಂಖ್ಯೆ ಕೊಟ್ಟರೆ ಅದು ಫೈಲ್‌ನ ಹೆಸರು ನೋಡುವುದಿಲ್ಲ, ಯಾವುದನ್ನು ಮೊದಲು ಕಾಪಿ ಮಾಡಿದಿರಿ ಅಂತ ನೋಡುತ್ತದೆ.

ನೂರರ ಮೇಲಿನ ಸಂಖ್ಯೆಗಳನ್ನು ಎರಡು ತುಂಡು ಸೇರಿಸಿ ನುಡಿಸಿದರೆ ನಡುವೆ ತಡೆ ಬಂದು ಕೇಳಲು ಹಿಂಸೆ. ಹಾಗಾಗಿ 30ರಿಂದ 200ರವರೆಗೆ ಪ್ರತಿ ಸಂಖ್ಯೆಯನ್ನೂ ಇಡಿಯಾಗಿ ರೆಕಾರ್ಡ್ ಮಾಡಿದೆ. ಒಂದು ಫೋಲ್ಡರ್‌ನಲ್ಲಿ 255 ಫೈಲ್‌ವರೆಗೆ ಇಡಬಹುದು. 096 ಹೆಸರಿನ ಫೈಲ್‌ನಲ್ಲಿ ತೊಂಬತ್ತಾರು. ಕೋಡ್‌ನಲ್ಲಿ ಪಟ್ಟಿಯೇ ಬೇಡ, ಅಳತೆಯ ಸಂಖ್ಯೆಯೇ ಫೈಲ್‌ನ ಹೆಸರು. 201ರಿಂದ ಮುಂದೆ ಸೂಚನೆಯ ವಾಕ್ಯಗಳು. ಧ್ವನಿ ಮನುಷ್ಯರದ್ದೇ, ಕನ್ನಡದ್ದು.

ಮೊದಲು ಬಳಸಿ ನೋಡಿದ್ದು ನನ್ನ ಸಹಪಾಠಿ. ಅವಳಿಗೆ ಕಣ್ಣು ಕಾಣುವುದಿಲ್ಲ. ದಿನವಿಡೀ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಕೋಡ್ ಬರೆಯುತ್ತಾಳೆ. ಬಂದ ಮೊದಲ ಮಾತು, "ಇಷ್ಟು ನಿಧಾನ ಯಾಕೋ? ನಂಬರ್ ಹೇಳು ಸಾಕು." ಸ್ಕ್ರೀನ್ ರೀಡರ್ ಬಳಸುವವರ ಕಿವಿ ಬಹಳ ಚುರುಕು. ಹೊಸದಾಗಿ ದೃಷ್ಟಿ ಕಳೆದುಕೊಂಡ ಹಿರಿಯರಿಗೆ ಅದೇ ವೇಗ ಅರ್ಥವಾಗುವುದಿಲ್ಲ. ಡಿಎಫ್‌ಪ್ಲೇಯರ್‌ನಲ್ಲಿ ವೇಗ ಬದಲಿಸಲು ಬರುವುದಿಲ್ಲ. ಆದ್ದರಿಂದ ಎರಡು ಫೋಲ್ಡರ್: ಒಂದರಲ್ಲಿ ನಿಧಾನ, ಇನ್ನೊಂದರಲ್ಲಿ ಚುರುಕು. ಬಟನ್ ಒತ್ತಿ ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಅವಳ ಎರಡನೇ ಮಾತು ಇಡೀ ಕೆಲಸದ ದಿಕ್ಕು ಬದಲಿಸಿತು. "97 ಅಂತಿದೆ. ಸರಿ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನೀನು ಅಲೆ ನೋಡ್ತೀಯ. ನಾನು?"

ನಿಜ. ಆಸ್ಪತ್ರೆಯಲ್ಲಿ ನರ್ಸ್ ಬರೀ ಸಂಖ್ಯೆ ನೋಡುವುದಿಲ್ಲ. ಪಕ್ಕದಲ್ಲಿ ಓಡುವ ಅಲೆ ಸಮನಾಗಿದೆಯಾ ಅಂತ ನೋಡಿ ಆಮೇಲೆ ಸಂಖ್ಯೆಯನ್ನು ನಂಬುತ್ತಾರೆ. ಬರೀ ಸಂಖ್ಯೆ ಹೇಳುವ ಆಕ್ಸಿಮೀಟರ್, ಆ ಅರ್ಧ ಮಾಹಿತಿಯನ್ನು ಕಣ್ಣು ಕಾಣದವರಿಗೆ ಕೊಡುವುದೇ ಇಲ್ಲ.

ಅಲೆಯನ್ನು ಕೈಗೆ ಕೊಡುವುದು

ಪ್ರತಿ ಬಡಿತಕ್ಕೂ ಒಂದು ಮಿಡಿತ ಕೊಟ್ಟರೆ ಕೈಯಲ್ಲೇ ಅಲೆ ತಿಳಿಯುತ್ತದೆ. ಸಮನಾಗಿ ಬಂದರೆ ಸರಿ, ತಪ್ಪಿ ತಪ್ಪಿ ಬಂದರೆ ಅನುಮಾನ. ಕಿವಿ ಕೇಳದವರಿಗೂ ಇದು ದಕ್ಕುತ್ತದೆ. ಮೊದಲು ನಾಣ್ಯದಾಕಾರದ ಸಾಮಾನ್ಯ ಮೋಟರ್ ಹಾಕಿದೆ. ಅದು ತಿರುಗಲು ಶುರುವಾಗಲು, ನಿಲ್ಲಲು ಸಮಯ ಹಿಡಿಯುತ್ತದೆ. ನಾಡಿ ಜೋರಾದಾಗ ಮಿಡಿತಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬರೀ ಗುನುಗು. ಅದನ್ನು ತೆಗೆದು, ತಿರುಗದೆ ಹಿಂದೆ ಮುಂದೆ ಕಂಪಿಸುವ ಎಲ್‌ಆರ್‌ಎ ಮಾದರಿಯ ಮೋಟರ್, ಅದಕ್ಕೆ ಡಿಆರ್‌ವಿ2605ಎಲ್ ಡ್ರೈವರ್ ಹಾಕಿದೆ. ಇದೂ ಐ2ಸಿಯೇ, ವಿಳಾಸ ಹೆಕ್ಸ್ 5ಎ, ಸೆನ್ಸರ್ ಜೊತೆ ಜಗಳವಿಲ್ಲ. ಈಗ ಒಂದೊಂದು ಬಡಿತವೂ ಚುಟುಕಾಗಿ, ಬೇರೆ ಬೇರೆಯಾಗಿ ತಟ್ಟುತ್ತದೆ.

ಆದರೆ ಮೋಟರ್ ಅನ್ನು ಬೆರಳಿನ ಕ್ಲಿಪ್‌ಗೇ ಅಂಟಿಸಿದಾಗ ಒಂದು ಅಪಾಯಕಾರಿ ವಿಷಯ ಕಂಡಿತು. ಮಿಡಿತ ಬೆರಳನ್ನು ಅಲುಗಿಸುತ್ತದೆ. ಆ ಅಲುಗಾಟ ಸೆನ್ಸರ್‌ಗೆ ಪುಟ್ಟ ಅಲೆಯಾಗಿ ಕಾಣುತ್ತದೆ. ಪ್ರೋಗ್ರಾಂ ಅದನ್ನೇ ಬಡಿತ ಅಂದುಕೊಂಡು ಇನ್ನೊಂದು ಮಿಡಿತ ಕೊಡುತ್ತದೆ. ಕಂಪ್ಯೂಟರ್‌ನಲ್ಲಿ ಅಲೆ ಬಿಡಿಸಿ ತೋರಿಸುವ ಪ್ಲಾಟರ್‌ನಲ್ಲಿ ನೋಡಿದರೆ ಗಡಿಯಾರದಷ್ಟು ಸಮನಾದ ಅಲೆ. ಬೆರಳು ಸರಿಯಾಗಿ ಕೂತಿಲ್ಲದಿದ್ದರೂ ಕೈಗೆ ಸಿಗುವುದು ಎಲ್ಲ ಸರಿಯಾಗಿದೆ ಅನ್ನುವ ಭರವಸೆ. ಇದನ್ನು ಕೋಡ್‌ನಲ್ಲಿ ತೇಪೆ ಹಾಕಿ ಬಿಡುವುದು ನನಗೆ ಇಷ್ಟವಾಗಲಿಲ್ಲ. ಸಾಧನವನ್ನೇ ಎರಡು ತುಂಡು ಮಾಡಿದೆ. ಬೆರಳಿನ ಕ್ಲಿಪ್ ಬೇರೆ, ಮಿಡಿಯುವ ಗುಂಡು ಬೇರೆ, ನಡುವೆ ಮೆತ್ತನೆಯ ಸಿಲಿಕೋನ್ ವೈರ್. ಗುಂಡನ್ನು ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಒಂದೇ ಕೈ ಬಳಸುವವರು ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಕಾಲರ್‌ಗೂ ಸಿಕ್ಕಿಸಬಹುದು. ಅದಕ್ಕಾಗಿ ಗುಂಡಿನ ಹಿಂದೆ ಒಂದು ಕೊಕ್ಕೆ ಇದೆ.

ಬಾಯಿ ಮುಚ್ಚಿಕೊಳ್ಳಲು ಕಲಿಸುವುದು

ಸಂಖ್ಯೆ ಹೇಳುವ ಮುನ್ನ ಪ್ರೋಗ್ರಾಂ ಮೂರು ವಿಷಯ ನೋಡುತ್ತದೆ. ಎಸಿಯು ಡಿಸಿಯ 0.4%ಗಿಂತ ಹೆಚ್ಚಿದೆಯಾ? ಕೆಂಪು, ಇನ್‌ಫ್ರಾರೆಡ್ ಅಲೆಗಳು ಒಂದೇ ಆಕಾರದಲ್ಲಿ ಏರಿಳಿಯುತ್ತಿವೆಯಾ? ಪಕ್ಕಪಕ್ಕದ ಎರಡು ಅವಧಿಗಳಲ್ಲಿ ಲೆಕ್ಕ ಹಾಕಿದ ಉತ್ತರ 2ಕ್ಕಿಂತ ಹೆಚ್ಚು ಬೇರೆಯಾಗಿಲ್ಲ ತಾನೇ? ಈ ಮಿತಿಗಳು ನಾನೇ ಇಟ್ಟುಕೊಂಡವು. ಒಂದು ತಪ್ಪಿದರೂ ಸಂಖ್ಯೆ ಇಲ್ಲ. ಬದಲಿಗೆ ಏನು ಮಾಡಬೇಕು ಅಂತ ಹೇಳುತ್ತದೆ: "ಬೆರಳು ಅಲುಗುತ್ತಿದೆ, ಕೈಯನ್ನು ಮೇಜಿನ ಮೇಲಿಡಿ." "ಕೈ ತಣ್ಣಗಿರಬಹುದು, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ." 'ಎರರ್' ಅನ್ನುವ ಮಾತು ಎಲ್ಲೂ ಇಲ್ಲ. ಅದನ್ನು ಕೇಳಿ ಯಾರಿಗೂ ಮುಂದೇನು ಅಂತ ತಿಳಿಯುವುದಿಲ್ಲ.

ಆದರೆ ಈ ತಡೆಗೂ ಪಕ್ಷಪಾತ ಇರಬಹುದಲ್ವಾ? ಕಪ್ಪು ಬೆರಳಿಗೇ ಪದೇ ಪದೇ "ಮತ್ತೆ ಪ್ರಯತ್ನಿಸಿ" ಅಂದರೆ ಅದೂ ಅನ್ಯಾಯವೇ. ಹಾಗಾಗಿ ಪ್ರತಿ ನಿರಾಕರಣೆಯನ್ನೂ ಕಾರಣದ ಜೊತೆ ಬರೆದಿಡುತ್ತದೆ. ಮೈಬಣ್ಣ ಗುರುತಿಸಲು ಮಂಕ್ ಸ್ಕೇಲ್ ಬಳಸಿದೆ. ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಂಕ್ ರೂಪಿಸಿದ ಇದರಲ್ಲಿ 10 ಬಣ್ಣಗಳಿವೆ. 1975ರಲ್ಲಿ ಶುರುವಾದ ಫಿಟ್ಜ್‌ಪ್ಯಾಟ್ರಿಕ್ ವಿಂಗಡಣೆಯಲ್ಲಿ ಇರುವುದು ಆರೇ, ಅದೂ ಚರ್ಮ ಬಿಸಿಲಿಗೆ ಹೇಗೆ ಸುಡುತ್ತದೆ ಅನ್ನುವ ಲೆಕ್ಕಕ್ಕೆ ಮಾಡಿದ್ದು. ನೋಡಿದ್ದು ನನ್ನ ಸಹಪಾಠಿಗಳ ಬೆರಳುಗಳನ್ನಷ್ಟೇ, ಅಧ್ಯಯನ ಅನ್ನುವಷ್ಟು ದೊಡ್ಡದಲ್ಲ. ಆದರೂ ಕರೆಂಟ್ ಒಂದೇ ಇಟ್ಟಾಗ ಕಪ್ಪು ಬೆರಳುಗಳಿಗೆ ಮೊದಲ ಮಿತಿ ಹೆಚ್ಚು ಸಲ ಅಡ್ಡ ಬರುತ್ತಿತ್ತು. ಬೆರಳಿಗೆ ತಕ್ಕ ಕರೆಂಟ್ ಕೊಟ್ಟ ಮೇಲೆ ಉಳಿದದ್ದು ಬಹುಮಟ್ಟಿಗೆ ತಣ್ಣನೆಯ ಕೈಗಳ ಸಮಸ್ಯೆ. ತಣ್ಣನೆಯ ಕೈ ಯಾವ ಬಣ್ಣದ್ದಾದರೂ ತಣ್ಣಗೇ. ಇದನ್ನೂ ಬಣ್ಣವನ್ನೂ ಬೆರೆಸಬಾರದು ಅಂತ ಎಲ್ಲರೂ ಕೈ ಬೆಚ್ಚಗೆ ಮಾಡಿಕೊಂಡ ಮೇಲೆ ಇನ್ನೊಮ್ಮೆ ನೋಡಿದೆವು.

ತಡೆಗೆ ಸಿಗದ ತಪ್ಪು

ಅಲೆ ಚೆಂದ, ಮೂರು ಪರೀಕ್ಷೆಯೂ ಪಾಸ್. ಆದರೂ ಸಂಖ್ಯೆ ನಿಜಕ್ಕಿಂತ ಹೆಚ್ಚಿರಬಹುದು. ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಮೇಲಿನ ಪರೀಕ್ಷೆಗಳು ಗದ್ದಲ ಹಿಡಿಯುತ್ತವೆ, ಒಂದೇ ಕಡೆಗೆ ವಾಲಿದ ಅಳತೆಯನ್ನು ಹಿಡಿಯುವುದಿಲ್ಲ.

ಲೆಕ್ಕದ ಪ್ರಕಾರ ಎಸಿಯನ್ನು ಡಿಸಿಯಿಂದ ಭಾಗಿಸಿದಾಗ ಚರ್ಮದ ಬಣ್ಣ ವಜಾ ಆಗಬೇಕು. ಆದರೆ ಎಲ್‌ಇಡಿ ಒಂದೇ ತರಂಗಾಂತರದ ಬೆಳಕು ಕೊಡುವುದಿಲ್ಲ. 660ರ ಅಕ್ಕಪಕ್ಕ ಹರಡಿಕೊಂಡಿರುತ್ತದೆ. ಮೆಲನಿನ್ ಅದರಲ್ಲಿ ಗಿಡ್ಡ ತರಂಗಾಂತರದ ಕಡೆಯದನ್ನು ಹೆಚ್ಚು ಹೀರುತ್ತದೆ. ರಕ್ತಕ್ಕೆ ತಲುಪುವ ಕೆಂಪು ಸ್ವಲ್ಪ ಸರಿದ ಕೆಂಪು. ಅಲ್ಲಿಗೆ ಆರ್ ಕೂಡ ಸರಿಯುತ್ತದೆ.

ಇನ್ನು ಆರ್ ಅನ್ನು ಆಕ್ಸಿಜನ್ ಆಗಿ ಬದಲಿಸುವ ಸೂತ್ರ. ಪಠ್ಯಗಳಲ್ಲಿ ಸಿಗುವ ಸರಳ ಸೂತ್ರ 110 − 25 × ಆರ್. ಚಿಪ್ ತಯಾರಕರ ಮಾದರಿ ಕೋಡ್‌ನಲ್ಲಿರುವುದು −45.060 × ಆರ್ × ಆರ್ + 30.354 × ಆರ್ + 94.845. ಆರ್ 0.7 ಬಂತು ಅಂದುಕೊಳ್ಳಿ. ಮೊದಲನೆಯದು 92.5 ಅನ್ನುತ್ತದೆ, ಎರಡನೆಯದು 94. ಬೆರಳು ಅದೇ, ಬೆಳಕು ಅದೇ. ಇಂಥ ಸೂತ್ರಗಳ ಗೆರೆಗಳು ಬರುವುದು ಸ್ವಯಂಸೇವಕರಿಗೆ ಆಕ್ಸಿಜನ್ ಕಡಿಮೆ ಇರುವ ಗಾಳಿ ಕೊಟ್ಟು, ಅವರ ಅಪಧಮನಿಯ ರಕ್ತದ ಜೊತೆ ಹೋಲಿಸಿ. ಆ ಸ್ವಯಂಸೇವಕರು ಯಾರು ಅನ್ನುವುದೇ ಪ್ರಶ್ನೆ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ನಿಯಮ ಮಾಡುವ ಎಫ್‌ಡಿಎ 2013ರಲ್ಲಿ ಕೇಳಿದ್ದು ಕನಿಷ್ಠ 10 ಮಂದಿ. ಅವರಲ್ಲಿ ಕಪ್ಪು ಮೈಬಣ್ಣದವರು ಇಬ್ಬರು ಅಥವಾ 15%, ಯಾವುದು ಹೆಚ್ಚೋ ಅದು. 2025ರ ಜನವರಿಯ ಕರಡಿನಲ್ಲಿ ಅದು 150 ಮಂದಿಗೆ ಏರಿತು, ಮೈಬಣ್ಣ ಗುರುತಿಸಲು ಮಂಕ್ ಸ್ಕೇಲ್ ಬಂತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಇದು.

ರಕ್ತ ತೆಗೆದು ಹೋಲಿಸುವುದು ವಿದ್ಯಾರ್ಥಿಯ ಮೇಜಿನ ಮೇಲೆ ಆಗುವ ಕೆಲಸವಲ್ಲ, ಆಗಲೂಬಾರದು. ಆದ್ದರಿಂದ ಈ ವಾಲಿಕೆಯನ್ನು ನಾನು ಸರಿಪಡಿಸಿಲ್ಲ. ಸರಿಪಡಿಸುವವರಿಗೆ ದಾರಿ ಮಾಡಿಟ್ಟಿದ್ದೇನೆ. ಪೇಟೆಯ ಸಾಮಾನ್ಯ ಸಾಧನಗಳು ಕೊನೆಯ ಸಂಖ್ಯೆ ತೋರಿಸಿ ಒಳಗಿನದ್ದನ್ನು ಎಸೆದುಬಿಡುತ್ತವೆ. ಇದು ಕಾರ್ಡ್‌ನ ಸಿಎಸ್‌ವಿ ಫೈಲ್‌ನಲ್ಲಿ ಎಲ್ಲವನ್ನೂ ಬರೆದಿಡುತ್ತದೆ: ಎರಡೂ ಬಣ್ಣದ ಎಸಿ, ಡಿಸಿ, ಎಲ್‌ಇಡಿ ಕರೆಂಟ್, ಆರ್, ಬಳಸಿದ ಸೂತ್ರ, ನಿರಾಕರಣೆಯ ಕಾರಣ. ಚಿಪ್‌ನೊಳಗಿನ ತಾಪಮಾನವನ್ನೂ ಬರೆಯುತ್ತದೆ, ಯಾಕೆಂದರೆ ಬಿಸಿಯಾದಂತೆ ಎಲ್‌ಇಡಿಯ ತರಂಗಾಂತರ ಸರಿಯುತ್ತದೆ. ಹೆಸರು, ವಿಳಾಸ ಯಾವುದೂ ಇಲ್ಲ. ನಾಳೆ ಎಲ್ಲ ಮೈಬಣ್ಣದವರನ್ನೂ ಸೇರಿಸಿ ಮಾಡಿದ ಒಳ್ಳೆಯ ಗೆರೆ ಸಿಕ್ಕರೆ, ಹಳೆಯ ಅಳತೆಗಳನ್ನೂ ಹೊಸದಾಗಿ ಲೆಕ್ಕ ಹಾಕಬಹುದು.

ಮಾತಿನಲ್ಲೂ ಇದಕ್ಕೆ ತಕ್ಕ ಬದಲಾವಣೆ ಮಾಡಿದೆ. ಇಂಥ ಪ್ರತಿಫಲಿತ ಬೆಳಕಿನ ಸೆನ್ಸರ್‌ಗಳಿಗೆ ಎಫ್‌ಡಿಎ 2013ರಲ್ಲಿ ಇಟ್ಟ ತಪ್ಪಿನ ಮಿತಿ 3.5%. ಅಂದರೆ ಮಾನ್ಯತೆ ಪಡೆದ ಸಾಧನದಲ್ಲೂ ಸುಮಾರು ಮೂರರಲ್ಲಿ ಒಂದು ಅಳತೆ ನಿಜದಿಂದ ಅದಕ್ಕಿಂತ ದೂರ ಇರಬಹುದು. ಹೀಗಿರುವಾಗ 96 ಇದ್ದದ್ದು 95 ಆಯಿತು ಅಂತ ಮತ್ತೆ ಕೂಗಿ ಗಾಬರಿ ಹುಟ್ಟಿಸುವುದು ಸರಿಯಲ್ಲ. 2ಕ್ಕಿಂತ ಕಡಿಮೆ ಬದಲಾದರೆ ತಾನಾಗಿ ಮಾತಾಡುವುದಿಲ್ಲ. ಬಟನ್ ಒತ್ತಿದರೆ ಯಾವಾಗಲೂ ಹೇಳುತ್ತದೆ.

ಸದ್ಯ ನಡೆಯುತ್ತಿರುವುದು ಬ್ಲೂಟೂತ್ ಕೆಲಸ. ಪಲ್ಸ್ ಆಕ್ಸಿಮೀಟರ್‌ಗೆ ಅಂತಲೇ ಬ್ಲೂಟೂತ್‌ನಲ್ಲಿ ಹೆಕ್ಸ್ 1822 ಅನ್ನುವ ಸೇವೆ ಇದೆ. ಅದರಲ್ಲಿ ಕಳಿಸಿದರೆ ಯಾವ ಆ್ಯಪ್ ಬೇಕಾದರೂ ಓದಬಹುದು, ನನ್ನದೇ ಆಗಬೇಕಿಲ್ಲ. ಫೋನ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಪ್ರತಿ ಸೆಕೆಂಡೂ ಸಂಖ್ಯೆ ಓದುತ್ತಾ ಕೂತರೆ ಬೇರೇನೂ ಕೇಳಿಸುವುದಿಲ್ಲ. ಅಲ್ಲೂ ಇದೇ 2ರ ನಿಯಮ ಹಾಕುತ್ತಿದ್ದೇನೆ. ಆ ಆ್ಯಪ್‌ನ ಕೋಡ್ ಬರೆಯುತ್ತಿರುವುದು ನನ್ನ ಸಹಪಾಠಿ.